ನೀಲಿ ಪಟ್ಟಿಯ ತಾಟು

ಧರಣಿ ಟೆಂಟಿನಲ್ಲಿ ತಾಟು ಇರಲಿಲ್ಲ. ಜೋಳದ ರೊಟ್ಟಿಯೇ ತಾಟು. ಎಡಗೈ ಅಗಲಿಸಿ ಹಿಡಿದರೆ ಅದರ ಮೇಲೊಂದು ರೊಟ್ಟಿ, ರೊಟ್ಟಿಯ ಮೇಲೆ ಹೆಸರುಕಾಳಿನ ಪಲ್ಯ, ಪಕ್ಕಕ್ಕೆ ಗುರೆಳ್ಳು ಹಿಂಡಿ, ಒಂದು ಉಳ್ಳಾಗಡ್ಡಿ. ಉಂಡು ಮುಗಿಸುವ ಹೊತ್ತಿಗೆ ತಾಟನ್ನೂ ತಿಂದು ಆಗಿರುತ್ತಿತ್ತು. ತೊಳೆಯುವ ರಗಳೆ ಇಲ್ಲ, ಯಾರ ತಾಟು ಯಾವುದು ಎಂಬ ಪ್ರಶ್ನೆಯೂ ಇಲ್ಲ. ತೊಂಬತ್ತೆಂಟರ ಬೇಸಿಗೆಯಿಂದ ಬಾಗಲಕೋಟೆಯ ಕಚೇರಿ ಎದುರು ನೀಲಿ ತಾಡಪತ್ರಿ ಕಟ್ಟಿಕೊಂಡು, ಅಣೆಕಟ್ಟಿನ ಹಿನ್ನೀರಿಗೆ ಮುಳುಗುವ ಮನೆಗಳಿಗೆ ಸರಿಯಾದ ಪರಿಹಾರ ಕೊಡಿ ಎಂದು ಕುಳಿತವರೆಲ್ಲ ಹೀಗೆಯೇ ಉಂಡವರು. ಒಕ್ಕಲಿಗರು, ನೇಕಾರರು, ಮುಸಲ್ಮಾನರು, ದಲಿತರು, ಎಲ್ಲರೂ.

ಆ ರೊಟ್ಟಿ ಬಡಿಯುತ್ತಿದ್ದವಳು ಮುಸಲ್ಮಾನರ ಓಣಿಯ ಲಾಡಬಿ. ಹೊಳೆದಂಡೆಯ ಇಟ್ಟಂಗಿ ಭಟ್ಟಿಯಲ್ಲಿ ಮಣ್ಣು ತುಳಿಯುವ ಕೂಲಿ ಆಕೆಯದು. ಗಂಡ ತೀರಿಹೋಗಿ ಬಹಳ ವರ್ಷವಾಗಿತ್ತು, ಮಕ್ಕಳಿರಲಿಲ್ಲ. ಹಿನ್ನೀರು ಬರುತ್ತದೆ ಎಂದು ಅಳತೆಗೆ ಬಂದವರು ಆಕೆಯ ಗುಡಿಸಲಿಗೆ ನಂಬರು ಬರೆದರು, ಭಟ್ಟಿಯ ಕೆಲಸಕ್ಕೆ ಬರೆಯಲಿಲ್ಲ. "ಮನಿ ಮುಳುಗಿದ್ರ ರೊಕ್ಕ ಐತಿ. ಕೂಲಿ ಮುಳುಗಿದ್ರ ಇಲ್ಲ" ಎಂದರಂತೆ. ಅದನ್ನು ಕೇಳಿಕೊಂಡು ಟೆಂಟಿಗೆ ಬಂದವಳು ಮೊದಲ ದಿನವೇ ಒಲೆಯ ಮುಂದೆ ಕುಳಿತಳು. ಆಕೆಗೆ ಘೋಷಣೆ ಕೂಗುವುದು ಬರುತ್ತಿರಲಿಲ್ಲ. ರೊಟ್ಟಿ ಬರುತ್ತಿತ್ತು.

"ಲಾಡಬೀ, ನಿನ್ನ ರೊಟ್ಟಿ ವಾಸನಿಗೆ ಪೊಲೀಸರು ಬಂದ್ರೂ ಮೊದಲ ಉಂಡ ಆಮ್ಯಾಲೆ ಅರೆಸ್ಟ್ ಮಾಡ್ತಾರ ನೋಡು" ಎಂದು ದಲಿತ ಓಣಿಯ ಕಳಕಪ್ಪ ಚಾಷ್ಟಿ ಮಾಡುತ್ತಿದ್ದ.

"ಅವರಿಗೆ ಹಾಕಿದ್ರ ನಿನಗ ಉಳಿಯಂಗಿಲ್ಲ. ಸುಮ್ನ ಕುಂಡ್ರು" ಎನ್ನುತ್ತಿದ್ದಳು.

ನಮ್ಮ ಮುಂದಾಳು ಸೋಮಲಿಂಗ. ದೊಡ್ಡ ಮನೆತನ, ದೊಡ್ಡ ದನಿ. ಒಮ್ಮೆ ರಸ್ತೆ ತಡೆದದ್ದಕ್ಕೆ ನಮ್ಮಲ್ಲಿ ಕೆಲವರನ್ನು ವ್ಯಾನಿಗೆ ತುಂಬಿ ಹುನಗುಂದಕ್ಕೆ ಒಯ್ದರು. ಕೋರ್ಟಿನ ಕಟ್ಟೆಯ ಮೇಲೆ ಮಧ್ಯಾಹ್ನವೆಲ್ಲ ಕೂರಿಸಿದರು. ನೀರು ಬಿಟ್ಟು ಏನೂ ಇಲ್ಲ. ಲಾಡಬಿಯ ಸೆರಗಿನ ಗಂಟಿನಲ್ಲಿ ಒಂದು ಕಟಕ ರೊಟ್ಟಿ ಇತ್ತು. ಅರ್ಧ ಮುರಿದು ಸೋಮಲಿಂಗನಿಗೆ ಕೊಟ್ಟಳು. ಆತ ಅದನ್ನು ತಿಂದು ನೀರು ಕುಡಿದು ಎಲ್ಲರಿಗೂ ಕೇಳುವಂತೆ ಹೇಳಿದ: "ಅಕ್ಕಾ, ನವನಗರದಾಗ ನಾ ಮನಿ ಕಟ್ಟಿದ ಮ್ಯಾಲೆ ನನ್ನ ಜೋಡಿ ಕುಂತು ಮೊದಲ ಉಣ್ಣಾಕಿ ನೀನ."

ಲಾಡಬಿ ಅದನ್ನು ಗಂಟು ಹಾಕಿಟ್ಟುಕೊಂಡಳು. ಬೇರೆಯವರಾಗಿದ್ದರೆ ಮರೆಯುತ್ತಿದ್ದರು. ಮಾತು ಕೊಟ್ಟವರು ಸೋಮಲಿಂಗಣ್ಣ, ಮರೆಯುವುದು ಹೇಗೆ?

ಕೊನೆಗೆ ನೀರು ಬಂತು, ಟೆಂಟು ಬಿಚ್ಚಿದೆವು. ಗೆದ್ದೆವೋ ಸೋತೆವೋ ಎಂದು ಇವತ್ತಿಗೂ ಜಗಳವಿದೆ, ಅದು ಇಲ್ಲಿ ಬೇಡ. ಮುಳುಗಡೆಯವರಿಗೆಂದು ಕಟ್ಟಿದ ನವನಗರದಲ್ಲಿ ಲಾಡಬಿಗೆ ಒಂದು ಸಣ್ಣ ಜಾಗ ಸಿಕ್ಕಿತು. ಅದೇ ಸೆಕ್ಟರಿನಲ್ಲಿ ಯಾವುದೋ ಸಂಸ್ಥೆಯವರು, ಮುಳುಗಡೆಯ ಹೆಂಗಸರಿಗೆಂದು, ಪಿಂಗಾಣಿ ಸಾಮಾನು ಮಾಡುವ ತರಬೇತಿ ತೆರೆದರು. ಕಲಿಸಲು ಬಂದವಳು ಸುಮಾ. ಧಾರವಾಡದ ಹುಡುಗಿ, ಹೊರಗೆ ಹೋಗಿ ಇದನ್ನೇ ಓದಿ ಬಂದವಳು. ಬಂದ ಹೆಂಗಸರಲ್ಲಿ ಅರ್ಧ ಜನ ಹೊಲಿಗೆ ಮಷೀನು ಕೊಡುತ್ತಾರೆಂದು ಬಂದವರು, ವಾರದೊಳಗೆ ಖಾಲಿ. ಉಳಿದವಳು ಲಾಡಬಿ. ಮಣ್ಣು ತುಳಿದ ಕಾಲು, ರೊಟ್ಟಿ ಬಡಿದ ಕೈ. ಎರಡೂ ಅಲ್ಲಿ ಉಪಯೋಗಕ್ಕೆ ಬಂದವು.

ಸುಮಾಳದು ಒಂದೇ ಪಾಠ. "ಮೊದಲ ಊಟ ನೋಡ್ರಿ. ತಾಟು ಆಮ್ಯಾಲೆ ಮಾಡೂಣು."

ಲಾಡಬಿ ನೋಡತೊಡಗಿದಳು. ನವನಗರದ ಊಟ ಹಳೆ ಊರಿನ ಊಟವಾಗಿ ಉಳಿದಿರಲಿಲ್ಲ. ಹಳೆ ಊರಲ್ಲಿ ನೆಲಕ್ಕೆ ಕೂತು, ತಾಟನ್ನು ಅಡ್ಡಣಿಗೆಯ ಮೇಲಿಟ್ಟು ಉಣ್ಣುತ್ತಿದ್ದವರು ಇಲ್ಲಿ ಟಿವಿ ಮುಂದೆ ತೊಡೆಯ ಮೇಲೆ ತಾಟು ಇಟ್ಟುಕೊಂಡು ಉಣ್ಣುತ್ತಿದ್ದರು. ಕೆಲವರ ಮನೆಗೆ ಟೇಬಲ್ಲು ಬಂದಿತ್ತು. ಹುಡುಗರು ರೊಟ್ಟಿ ಕಂಡರೆ ಮುಖ ತಿರುಗಿಸಿ ಚಪಾತಿ ಕೇಳುತ್ತಿದ್ದರು, ಅನ್ನ ಚಮಚದಲ್ಲಿ ತಿನ್ನುತ್ತಿದ್ದರು. ಉಕ್ಕಿನ ತಾಟಿನ ಅಂಚು ನೆಟ್ಟಗೆ ಮೇಲೆದ್ದಿರುತ್ತದೆ. ನೆಲಕ್ಕೆ ಕೂತಾಗ ಅದು ತೊಂದರೆಯಲ್ಲ, ಟೇಬಲ್ಲಿನ ಮೇಲೆ ಮಣಿಕಟ್ಟಿಗೆ ಒತ್ತುತ್ತದೆ. ರೊಟ್ಟಿ ತಾಟಿಗಿಂತ ದೊಡ್ಡದು, ಅಂಚಿನ ಮೇಲೆ ಹತ್ತಿ ಕೂತು ನಡುವೆ ಮುರಿಯುತ್ತದೆ. ಸಾರು ಹಾಕಿದರೆ ರೊಟ್ಟಿಯ ಕೆಳಗೆ ಹೋಗುತ್ತದೆ.

ಇದನ್ನೆಲ್ಲ ಆಕೆ ಬಂದು ಹೇಳುವುದು, ಸುಮಾ ಕಾಗದದ ಮೇಲೆ ಗೆರೆ ಎಳೆಯುವುದು, ಲಾಡಬಿ ಅದನ್ನು ನೋಡಿ "ಇಲ್ಲಿ ಸಾರು ಹರಿತೈತಿ ಮೇಡಂ" ಎನ್ನುವುದು, ಸುಮಾ ಅಳಿಸುವುದು. ಹೀಗೆ ಇಬ್ಬರೂ ಸೇರಿ ಒಂದು ತಾಟು ಕಂಡುಹಿಡಿದರು. ದೊಡ್ಡದು, ಚಪ್ಪಟೆ. ಮೂರು ಕಡೆ ಅಂಚು ಬೆರಳಿನಷ್ಟೂ ಏಳುವುದಿಲ್ಲ, ರೊಟ್ಟಿ ಪೂರ್ತಿ ಮಲಗುತ್ತದೆ. ಒಂದು ಕಡೆ ಮಾತ್ರ ಅಂಗೈ ಬಗ್ಗಿಸಿದಂತೆ ತಗ್ಗು, ಪಲ್ಯ ಅಲ್ಲಿ, ಅನ್ನ ಸಾರು ಅಲ್ಲಿ. ಚಪಾತಿಯವರೂ ಉಣ್ಣಬಹುದು, ಚಮಚದವರೂ ಉಣ್ಣಬಹುದು. ಬಣ್ಣ ಸುಟ್ಟ ರೊಟ್ಟಿಯ ಬಣ್ಣ, ಅಲ್ಲಲ್ಲಿ ಕಂದು ಚುಕ್ಕಿ.

ಮೊದಲ ಭಟ್ಟಿ ತೆರೆದಾಗ ನಗೆಯೋ ನಗೆ. ತಾಟುಗಳು ರೊಟ್ಟಿಗಿಂತ ಸಣ್ಣವು, ರೊಟ್ಟಿ ಸುತ್ತಲೂ ಜೋತು ಬೀಳುತ್ತಿತ್ತು. ಲಾಡಬಿ ತಾನೇ ಬಡಿದ ಒಂದು ರೊಟ್ಟಿಯನ್ನು ಹಸಿ ಮಣ್ಣಿನ ಮೇಲಿಟ್ಟು ಸುತ್ತಲೂ ಕೊಯ್ದಿದ್ದಳು. ಮಣ್ಣು ಒಣಗುವಾಗ ಕುಗ್ಗಿತು, ಸುಡುವಾಗ ಮತ್ತೆ ಕುಗ್ಗಿತು. ಇಟ್ಟಂಗಿ ಕುಗ್ಗುತ್ತದೆಂದು ಆಕೆಗೆ ಗೊತ್ತಿಲ್ಲದ್ದೇನಲ್ಲ. ಆದರೆ ಕೈಯಲ್ಲಿ ತಟ್ಟುವಾಗ ಅದು ಇಟ್ಟಂಗಿ ಎನ್ನಿಸಲೇ ಇಲ್ಲ, ರೊಟ್ಟಿ ಎನ್ನಿಸಿತ್ತು. ರೊಟ್ಟಿ ಹಂಚಿನ ಮೇಲೆ ಕುಗ್ಗುತ್ತದೆಯೇ?

"ಯವ್ವಾ, ಇದರಾಗ ಗುಬ್ಬಿ ಉಣ್ಣಬೇಕು" ಎಂದು ತಾನೇ ಹಣೆ ಬಡಿದುಕೊಂಡು ನಕ್ಕಳು. ಮುಂದಿನ ಸಲ ರೊಟ್ಟಿಯ ಸುತ್ತ ಎರಡು ಬೆರಳು ಬಿಟ್ಟು ಕೊಯ್ದಳು. ಸರಿಯಾಗಿ ಬಂತು.

ಅದೇ ದಿನಗಳಲ್ಲಿ ಸೋಮಲಿಂಗನ ಮನೆ ಎದ್ದಿತು. ಎರಡಂತಸ್ತು, ಇಳಕಲ್ಲಿನ ಕೆಂಪು ಗ್ರಾನೈಟು, ಊಟದ ಟೇಬಲ್ಲು. ಮನೆ ತುಂಬಿಸುವ ದಿನ ಸಾವಿರ ಮಂದಿ, ಎಲ್ಲರೂ ಪತ್ರಾವಳಿಯಲ್ಲಿ ಉಂಡರು, ಶಾಮಿಯಾನದ ಕೆಳಗೆ. ಅಲ್ಲಿ ಯಾರಿಗೂ ಏನೂ ಕಾಣಲಿಲ್ಲ. ಕಾಣುವಂಥದ್ದೇನೂ ಇರಲಿಲ್ಲ. ಎಲೆ ಉಂಡು ಒಗೆಯುವುದು.

ಕೆಲವು ವಾರ ಬಿಟ್ಟು ಸೋಮಲಿಂಗ ತಾನಾಗಿ ತರಬೇತಿಯ ಶೆಡ್ಡಿಗೆ ಬಂದ. ಪಿಂಗಾಣಿ ತಾಟು ಎತ್ತಿ ನೋಡಿದ, ಬೆರಳಿನಿಂದ ಬಡಿದು ಸಪ್ಪಳ ಕೇಳಿದ.

"ಭಾಳ ಚಂದ ಆಗ್ಯಾವ ಅಕ್ಕಾ. ನನ್ನ ಮನಿಗೆ ಮಾಡಿಕೊಡು. ಆರು ಸಾಕು."

"ಆರು? ಮನ್ಯಾಗ ಎಂಟು ಮಂದಿ ಅದೀರಲ್ಲಣ್ಣಾ."

"ಆರು ಸಾಕು ಬೇ. ಮತ್ತ ಒಂದು ಮಾತು. ಅಂಚಿಗೆ ಒಂದು ಪಟ್ಟಿ ಹಾಕು. ದೂರದಿಂದ ಗುರುತು ಸಿಗೂ ಹಂಗ ಇರಬೇಕು."

ಲಾಡಬಿಗೆ ಅದು ಗೌರವ ಎನ್ನಿಸಿತು. ನನ್ನ ತಾಟು ಎಂದು ಗುರುತು ಸಿಗಬೇಕು ಎನ್ನುತ್ತಿದ್ದಾನೆ ಅಣ್ಣ. ಯಾವ ಬಣ್ಣ ಎಂದು ಆಕೆ ಕೇಳಲೇ ಇಲ್ಲ. ತಾನೇ ಆರಿಸಿದಳು: ಧರಣಿಯ ತಾಡಪತ್ರಿಯ ನೀಲಿ. ಸುಮಾ ಹತ್ತು ಥರದ ನೀಲಿ ಕಲಸಿ ಸುಟ್ಟು ತೋರಿಸಿದಳು. "ಇದಲ್ಲ ಮೇಡಂ. ಬಿಸಲಿಗೆ ಮಾಸಿದ್ದು ಬೇಕು" ಎಂದು ಒಂದೊಂದನ್ನೇ ಬದಿಗೆ ತಳ್ಳಿದಳು. ಕೊನೆಗೂ ಆ ಬಣ್ಣ ಬಂತು. ಆರು ಹೇಳಿದ್ದಲ್ಲಿ ಹನ್ನೆರಡು ಮಾಡಿದಳು. ಎಂಟು ಮಂದಿ ಮನೆಯವರು, ಮೇಲೆ ತಾನು, ಕಳಕಪ್ಪ, ಟೆಂಟಿನ ಇನ್ನಿಬ್ಬರು. ಒಂದೇ ಪಂಕ್ತಿಗೆ ಸಾಲಬೇಕಲ್ಲ.

ತಾಟು ಮುಟ್ಟಿಸಲು ಹೋದ ದಿನ ಆಕೆಗೆ ಮನೆಯ ಹೊರಗಿನ ಕಟ್ಟೆಯ ಮೇಲೆಯೇ ಚಹಾ ಬಂತು. "ಒಳಗ ಬಣ್ಣ ಒಣಗಿಲ್ಲಕ್ಕಾರ, ಸೀರಿಗೆ ಹತ್ತೀತು" ಎಂದಳು ಸೋಮಲಿಂಗನ ಹೆಂಡತಿ ಮಾದೇವಿ. ಮನೆ ತುಂಬಿಸಿ ಮೂರು ತಿಂಗಳಾಗಿತ್ತು. ಲಾಡಬಿ ನಂಬಿದಳು.

ಮುಂದಿನದನ್ನು ಕಳಕಪ್ಪ ಹೇಳಿದ್ದು, ಆ ಮನೆಯ ಮುಸುರೆ ತಿಕ್ಕುವ ಹುಚ್ಚವ್ವ ಹೇಳಿದ್ದು, ಲಾಡಬಿ ಅರ್ಧ ಹೇಳಿ ಬಿಟ್ಟದ್ದು, ಮೂರನ್ನೂ ಕೂಡಿಸಿ ಬರೆಯುತ್ತಿದ್ದೇನೆ. ಎರಡು ಸಾವಿರದ ಮೂರರಲ್ಲಿ ಚುನಾವಣೆಗೆ ನಿಲ್ಲುವ ಆಸೆ ಹತ್ತಿದ ಸೋಮಲಿಂಗ ಟೆಂಟಿನ ಹಳೆಯ ಸಂಗಾತಿಗಳನ್ನು ಮಧ್ಯಾಹ್ನದ ಊಟಕ್ಕೆ ಕರೆದ. ಲಾಡಬಿ ಹಬ್ಬದ ಇಳಕಲ್ ಸೀರೆ ಉಟ್ಟು ಹೋದಳು. ಹುನಗುಂದದ ಕಟ್ಟೆಯ ಮಾತು ಕೊನೆಗೂ ಈಡೇರುತ್ತದೆ ಎಂಬ ಖುಷಿ.

ಟೇಬಲ್ಲಿಗೆ ಕೂತರು. ಲಾಡಬಿಯ ಮುಂದೆ ನೀಲಿ ಪಟ್ಟಿಯ ತಾಟು ಬಂತು. ಕಳಕಪ್ಪನ ಮುಂದೆ ನೀಲಿ ಪಟ್ಟಿಯ ತಾಟು ಬಂತು. ಆಮೇಲೆ ಬೇವೂರಿನಿಂದ ಬಂದಿದ್ದ ಇಬ್ಬರು ಹಿರಿಯರ ಮುಂದೆ ಉಕ್ಕಿನ ತಾಟು, ಸೋಮಲಿಂಗನ ಮುಂದೆ ಉಕ್ಕಿನ ತಾಟು.

"ಬಂದವರಿಗೆ ಹೊಸಾ ತಾಟು ಕೊಡ್ತಾರ ನೋಡು" ಎಂದು ಲಾಡಬಿ ಕಳಕಪ್ಪನ ಕಿವಿಯಲ್ಲಿ ಹೇಳಿದಳು.

ಕಳಕಪ್ಪ ಉಣ್ಣುತ್ತಿರಲಿಲ್ಲ. ತಾಟಿನ ಅಂಚನ್ನೇ ನೋಡುತ್ತಿದ್ದ. ಹಳೆ ಊರಿನ ಚಹಾದಂಗಡಿಯ ಹೊರಗೋಡೆಯ ಗೂಡಿನಲ್ಲಿ ಅವನ ಅಪ್ಪನ ಕಪ್ಪು ಇರುತ್ತಿತ್ತು. ಕುಡಿದು ತಾನೇ ತೊಳೆದು ಅಲ್ಲೇ ಇಡಬೇಕು. ಅದೂ ಪಿಂಗಾಣಿಯದ್ದೇ.

"ಬೇವೂರಿನವರೂ ಬಂದವರ ಅಲ್ಲೇನ ಲಾಡಬೀ?" ಎಂದಷ್ಟೇ ಅಂದ.

ಲಾಡಬಿ ಉಂಡಳು. ಎಣ್ಣಿಗಾಯಿ ಆ ತಗ್ಗಿನಲ್ಲಿ ಚೆನ್ನಾಗಿಯೇ ಕೂತಿತ್ತು. ಊಟ ಮುಗಿದಾಗ ಮಾದೇವಿ ಉಕ್ಕಿನ ತಾಟುಗಳನ್ನು ಒಂದರ ಮೇಲೊಂದು ಎತ್ತಿಕೊಂಡಳು. ಇವರಿಬ್ಬರಿಗೆ ಮಾತ್ರ, "ಅಕ್ಕಾರ, ನಿಮ್ಮ ತಾಟು ಹಿತ್ತಲದಾಗ ಇಟ್ಟು ಕೈ ತೊಳ್ಕೊಂಡು ಬರ್ರಿ. ಕಳಕಪ್ಪಾ, ನೀನೂ" ಎಂದಳು. ಸಿಟ್ಟಿಲ್ಲ, ಸಣ್ಣತನವಿಲ್ಲ. ಬಾಗಿಲು ಎಳೆದುಕೊಳ್ಳಿ ಎನ್ನುವಷ್ಟೇ ಸಹಜವಾಗಿ.

ಹಿತ್ತಲಲ್ಲಿ, ಬಚ್ಚಲಿನ ಹೊರಗೋಡೆಗೆ ಒಂದು ಗೂಡು ಮಾಡಿದ್ದರು. ಸಿಮೆಂಟಿನದು, ಮನೆಯ ಜೊತೆಗೇ ಕಟ್ಟಿಸಿದ್ದು. ಅದರಲ್ಲಿ ಉಳಿದ ತಾಟುಗಳು, ಮೇಲೊಂದು ಕಿವಿ ಮುರಿದ ಕಪ್ಪು. ಹುಚ್ಚವ್ವ ಎರಡು ಬೇರೆ ಬೇರೆ ಬುಟ್ಟಿ ಇಟ್ಟುಕೊಂಡು ಕೂತಿದ್ದಳು.

"ಇಲ್ಲಿ ಇಡಬೇ. ಅದು ಒಳಗಿನ ಬುಟ್ಟಿ, ಅದರಾಗ ಹಾಕಬ್ಯಾಡ. ನೀಲಿ ಪಟ್ಟಿ ತಾಟು ಒಳಗ ಒಯ್ಯಂಗಿಲ್ಲ."

"ಯಾಕ?"

"ಯಾಕಂದ್ರ? ಅವು ಹೊರಗಿನವ್ವು. ನಿಮ್ಮಂಥೋರು, ನಮ್ಮಂಥೋರು ಬಂದ್ರ ಅಂತ ಸಾವಕಾರ್ರು ಬೇಕಂತನ ಮಾಡಿಸ್ಯಾರ. ಮೊದಲ ಜರ್ಮನ್ ತಾಟು, ಆ ಅಲ್ಯುಮಿನದ್ದು, ಇದ್ದವು, ಮಂದಿ ನೋಡಿದ್ರ ಚಂದ ಕಾಣಂಗಿಲ್ಲ ಅಂತ ಇವನ್ನ ತಂದ್ರು. ಭಾಳ ಚಲೋ ತಾಟವ್ವಾ. ಯಾರು ಮಾಡ್ಯಾರೋ ಏನೋ, ಎಣ್ಣಿ ಒಂದ ಕೈಗೆ ಹೋಗತೈತಿ."

ಆರು ಸಾಕು ಎಂದದ್ದು ಏಕೆಂದು ಲಾಡಬಿಗೆ ಆಗ ತಿಳಿಯಿತು. ದೂರದಿಂದ ಗುರುತು ಸಿಗಬೇಕಾದದ್ದು ಯಾಕೆಂದೂ. ಆರು ಬೇಕು ಎನ್ನುವಾಗ ಆತ ಮನೆಯ ಮಂದಿಯನ್ನು ಎಣಿಸಿರಲಿಲ್ಲ. ನಮ್ಮನ್ನು ಎಣಿಸಿದ್ದ. ಆರು ಮಂದಿಗಿಂತ ಹೆಚ್ಚು ಒಂದೇ ಹೊತ್ತಿಗೆ ಬರುವುದಿಲ್ಲ ಎಂದು ಅಂದಾಜು ಹಾಕಿದ್ದ.

ಆಕೆ ತನ್ನ ತಾಟನ್ನು ಗೂಡಿನಲ್ಲಿ ಇಡಲಿಲ್ಲ. ತೊಳೆದು, ಸೆರಗಿನಿಂದ ಒರೆಸಿ, ಒಳಗೆ ತಂದು ಸೋಮಲಿಂಗನ ಮುಂದೆ ಇಟ್ಟಳು. ಟೇಬಲ್ಲಿನ ಮೇಲಿದ್ದ ರೊಟ್ಟಿ ಬುಟ್ಟಿಯಿಂದ ಒಂದು ತೆಗೆದು ಅದರ ಮೇಲೆ ಹಾಕಿದಳು. ಬೇವೂರಿನವರು ಎಲೆ ಅಡಿಕೆ ಮೆಲ್ಲುವುದನ್ನು ನಿಲ್ಲಿಸಿದರು.

"ಒಂದ ತುತ್ತು ಉಣ್ಣಣ್ಣಾ."

ಅಡುಗೆ ಮನೆಯ ಬಾಗಿಲಲ್ಲಿ ಸೋಮಲಿಂಗನ ತಾಯಿ ನಿಂತಿದ್ದಳು. ಆತ ಅವಳ ಕಡೆ ನೋಡಿದ, ಮಾದೇವಿಯ ಕಡೆ ನೋಡಿದ.

"ಹೊಟ್ಟಿ ತುಂಬೇತಿ ಅಕ್ಕಾ."

"ಒಂದ ತುತ್ತಿಗೆ ಜಾಗ ಇಲ್ಲೇನು? ಹುನಗುಂದದಾಗ ಇತ್ತಲ್ಲ."

"ಅದು ಹೋರಾಟ ಬೇ. ಇದು ಮನಿ." ಆತ ದನಿ ಇಳಿಸಿದ. "ನನಗೇನಿಲ್ಲ. ಅವ್ವ ಕೇಳಂಗಿಲ್ಲ. ನಿನಗ ಗೊತ್ತಿದ್ದದ್ದ ಐತಿ."

"ನನಗ ಗೊತ್ತಿರಲಿಲ್ಲ. ಪಟ್ಟಿ ಯಾಕ ಹಾಕಿಸಿದಿ?"

ಸೋಮಲಿಂಗ ಎಲೆ ಅಡಿಕೆಯ ತಟ್ಟೆಯನ್ನು ತನ್ನ ಕಡೆ ಎಳೆದುಕೊಂಡ. ಸಾವಿರ ಮಂದಿಯ ಮುಂದೆ ಮೈಕಿಲ್ಲದೆ ಮಾತಾಡುತ್ತಿದ್ದ ಮನುಷ್ಯ. ಉತ್ತರ ಕೊಟ್ಟವಳು ಮಾದೇವಿ, ಪಾಪ, ಆಕೆಗೆ ಮುಚ್ಚಿಡುವಂಥದ್ದೇನೂ ಕಾಣಲಿಲ್ಲ: "ಒಳಗಿನ ತಾಟಿನ ಜೋಡಿ ಬೆರಿಬಾರದಲ್ರೀ ಅಕ್ಕಾರ. ಅದಕ್ಕ."

ಲಾಡಬಿ ತಾಟು ಒಡೆಯಲಿಲ್ಲ, ಅಳಲಿಲ್ಲ. ಕಳಕಪ್ಪ ಎದ್ದು ಚಪ್ಪಲಿ ಮೆಟ್ಟುತ್ತಿದ್ದ. "ನಡಿ ಲಾಡಬೀ. ಮೊದಲ ಉಣ್ಣಾಕಿ ನೀ ಅಂದಿದ್ದ, ಉಂಡಿ. ಯಾವ ತಾಟಿನ್ಯಾಗ ಅಂತ ಅಂವ ಹೇಳಿರಲಿಲ್ಲ" ಎಂದ. ದಾರಿಯುದ್ದ ಆಕೆ ಒಂದೇ ಮಾತು ಆಡಿದಳಂತೆ: "ಬಣ್ಣ ಅವ ಹೇಳಿದ್ದಲ್ಲೋ ಕಳಕಪ್ಪಾ. ಟೆಂಟಿನ ಬಣ್ಣ ನಾನ ಆರಿಸಿ ಹಚ್ಚಿದೆ."

ಇದು ನಮ್ಮಲ್ಲಿ ಸುದ್ದಿಯಾಯಿತು. ಯಾರೂ ಸೋಮಲಿಂಗನ ಮನೆ ಮುಂದೆ ಧರಣಿ ಕೂರಲಿಲ್ಲ. ಸರಕಾರದ ವಿರುದ್ಧ ಕೂರುವುದು ಸುಲಭ. ಕೆಲವರು "ಬಿಡವಾ, ಅವನ ವೋಟು ಹಾಳಾದಾವು" ಎಂದು ಆಕೆಗೇ ಬುದ್ಧಿ ಹೇಳಿದರು. ಬಾದಾಮಿ ಕಡೆಯ ಒಂದು ಪ್ರವಾಸಿ ಹೋಟೆಲಿನವರು ಆಕೆಯ ತಾಟು ನೋಡಿ ತಮಗೂ ಬೇಕೆಂದರು, ಪಟ್ಟಿ ಸಮೇತ. ಪಟ್ಟಿ ಚಂದ ಇದೆ ಎಂದರು. ಆಕೆ ಬರಿಯ ತಾಟು ಕೊಟ್ಟಳು. ಆ ನೀಲಿಯ ಡಬ್ಬಿಯನ್ನು ಶೆಡ್ಡಿನ ಹಿಂದಿನ ಗಟಾರಕ್ಕೆ ಸುರುವಿದ್ದಳು. ಸುಮಾ ಬೈದಳು. ಕಾರಣ ಕೇಳಿದ ಮೇಲೆ ಬೈಯಲಿಲ್ಲ.

ಸೋಮಲಿಂಗ ಚುನಾವಣೆ ಗೆದ್ದ. ಆ ಹೋಟೆಲಿನಲ್ಲಿ ಅಧಿಕಾರಿಗಳ ಜೊತೆ ಕೂತು ಅದೇ ತಾಟಿನಲ್ಲಿ ರೊಟ್ಟಿ ಉಂಡು, "ಇದು ನಮ್ಮ ಹೋರಾಟದ ಹೆಣ್ಣುಮಗಳು ಮಾಡಿದ್ದು" ಎಂದು ಎಲ್ಲರಿಗೂ ಎತ್ತಿ ತೋರಿಸಿದನಂತೆ. ಬಡಿಸಿದ ಹುಡುಗನೇ ಬಂದು ಹೇಳಿದ. ಹೋಟೆಲಿನಲ್ಲಿ ಉಂಡರೆ ಫ್ಯಾಷನ್ನು, ಮನೆಯಲ್ಲಿ ಉಂಡರೆ ಮೈಲಿಗೆ. ಮಣ್ಣು ಅದೇ, ಕೈ ಅದೇ.

"ಉಂಡನಾ?" ಎಂದು ಲಾಡಬಿ ಕೇಳಿದಳು. "ಉಂಡ" ಎಂದ. ಆಕೆ ಮಣ್ಣು ನಾದುವುದನ್ನು ನಿಲ್ಲಿಸಲಿಲ್ಲ.

ಎರಡು ಸಾವಿರದ ಆರರಲ್ಲಿ ಸೋಮಲಿಂಗನ ಮಗಳು ಅನುರಾಧಾಳ ಮದುವೆ. ಆತ ಮತ್ತೆ ಶೆಡ್ಡಿಗೆ ಬಂದ. ನಾಚಿಕೆ ಇದ್ದಂತೆ ಕಾಣಲಿಲ್ಲ, ಇದ್ದರೂ ರಾಜಕೀಯದಲ್ಲಿ ಅದು ಒಣಗಿಹೋಗಿರುತ್ತದೆ.

"ಅಕ್ಕಾ, ನಲವತ್ತು ತಾಟು ಬೇಕು. ಅದ ಪಟ್ಟಿ."

"ಪಟ್ಟಿ ಹಾಕಂಗಿಲ್ಲ. ಮದವಿಗೆ ಬರೋ ಎಲ್ಲಾರಿಗೂ ಸಾಲೂವಷ್ಟು ಮಾಡಿಕೊಡ್ತೇನಿ. ಎಲ್ಲಾ ಒಂದ ಥರದ್ದು, ಯಾವುದು ಯಾರದಂತ ನಿನಗೂ ತಿಳಿಬಾರದು. ನಾ ಒಂದ ಪೈಸಾ ಕೇಳಂಗಿಲ್ಲ."

ಸೋಮಲಿಂಗ ನಕ್ಕ. "ನೀ ಇನ್ನೂ ಟೆಂಟಿನ್ಯಾಗ ಅದಿ" ಎಂದು ಎದ್ದುಹೋದ.

ಆ ಮದುವೆಗೆ ಥರ್ಮಾಕೋಲಿನ ತಾಟು ಬಂದವು. ಒಳಗಿನವರಿಗೆ ಉಕ್ಕು, ಹೊರಗೆ ಉಣ್ಣುವವರಿಗೆ ಥರ್ಮಾಕೋಲು. ಉಂಡು ಒಗೆಯುವುದು. ಗೂಡಿನ ಕೆಲಸವೂ ಮುಗಿಯಿತು, ಎರಡು ಬುಟ್ಟಿಯ ಕೆಲಸವೂ ಮುಗಿಯಿತು. ಮೈಲಿಗೆಗೂ ಹೊಸ ಕಾಲ ಬಂದಿತ್ತು. ಮನೆಯಲ್ಲಿ ದಿನದ ಬಳಕೆಗೂ ಅವೇ ಇರಲಿ, ತೊಳೆಯುವ ತ್ರಾಸಿಲ್ಲ ಎಂದು ಮಾದೇವಿ ಕಟ್ಟು ಕಟ್ಟು ತರಿಸಿಟ್ಟಳು.

ಮದುವೆಯಾಗಿ ಎಂಟು ದಿನಕ್ಕೆ ಹುಚ್ಚವ್ವ ಗೋಣಿಚೀಲ ಹೊತ್ತು ಲಾಡಬಿಯ ಬಾಗಿಲಿಗೆ ಬಂದಳು. ಆ ಹೊತ್ತಿಗೆ ತಾಟು ಮಾಡಿದವಳು ಯಾರೆಂದು ಆಕೆಗೂ ಗೊತ್ತಾಗಿತ್ತು. "ಕಸಕ್ಕ ಒಗಿ ಅಂದ್ರು. ಮನಸಾಗಲಿಲ್ಲ, ನಿನಗ ತಂದೆ" ಎಂದು ಸುರುವಿದಳು. ಒಂದೂ ಒಡೆದಿರಲಿಲ್ಲ. ಲಾಡಬಿ ಎಣಿಸಿದಳು. ಹನ್ನೊಂದು.

"ಒಂದು ನಾ ಇಟ್ಕೊಂಡೇನವ್ವಾ" ಎಂದಳು ಹುಚ್ಚವ್ವ. "ನಾ ಉಣ್ಣಾಕ. ಬೇಕಂದ್ರ ಕೊಡ್ತೇನಿ."

"ಇಟ್ಕೋ."

ಹನ್ನೊಂದನ್ನು ಲಾಡಬಿ ಭಟ್ಟಿಯ ಹಿಂದಿನ ತಗ್ಗಿಗೆ ತಳ್ಳಿ ಮೇಲೆ ಮಣ್ಣು ಎಳೆದಳು. ಉಣ್ಣಲಿಲ್ಲ, ಮಾರಲಿಲ್ಲ, ಯಾರಿಗೂ ಕೊಡಲಿಲ್ಲ. ಆ ಬಣ್ಣವನ್ನು ನೋಡಲು ತನಗೆ ಆಗುವುದಿಲ್ಲ ಎಂದಳು. ಟೆಂಟಿನ ಬಣ್ಣವಾಗಿತ್ತು ಅದು. ಸೋಮಲಿಂಗ ಆಕೆಯಿಂದ ಕಸಿದುಕೊಂಡದ್ದು ಅದನ್ನೇ, ನನ್ನನ್ನು ಕೇಳಿದರೆ.

ಈಗಲೂ ಆಕೆ ಅದೇ ಶೆಡ್ಡಿನಲ್ಲಿ ತಾಟು ಮಾಡುತ್ತಾಳೆ. ಹೊಸ ಮನೆ, ಹೊಸ ಟೇಬಲ್ಲು ಮಾಡಿಸಿದವರು ಹುಡುಕಿಕೊಂಡು ಬರುತ್ತಾರೆ. ಬಂದವರನ್ನು ಮೊದಲು ಕೂರಿಸಿ ನೀರು ಕೊಡುತ್ತಾಳೆ. ಆಮೇಲೆ ಮನೆಯಲ್ಲಿ ಎಷ್ಟು ಮಂದಿ ಉಣ್ಣುತ್ತೀರಿ ಎಂದು ಕೇಳುತ್ತಾಳೆ. ಅದಾದ ಮೇಲೆ ಎಷ್ಟು ತಾಟು ಬೇಕು ಎಂದು ಕೇಳುತ್ತಾಳೆ. ತಾಟು ಮಂದಿಗಿಂತ ಕಡಿಮೆ ಬಿದ್ದರೆ ಎದ್ದು ಕೈ ತೊಳೆದುಕೊಳ್ಳುತ್ತಾಳೆ, ಮಣ್ಣು ಮುಟ್ಟುವುದಿಲ್ಲ.